ಮುಂಡಗೋಡದ ಬೌದ್ಧ ಮಠದ ಲೈಬ್ರರಿಗೆ ಹೋಗುವ ಮುಂಚೆ

ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಇತ್ತ ಮಸ್ಕಿ, ಸಿರುಗುಪ್ಪದ ಕಡೆ ನಿಟ್ಟೂರು, ಉಡೇಗೋಳ. ಅಶೋಕನ ಶಾಸನಗಳು ನಮ್ಮ ಸುತ್ತಲೇ ಇವೆ. ಅವನ್ನು ನೋಡಿ ಬಂದವರಿಗೆ ಬೌದ್ಧ ಗ್ರಂಥಗಳನ್ನೂ ನೋಡಬೇಕು ಅನ್ನಿಸುವುದು ಸಹಜ ಅಲ್ವಾ? ಮುಂಡಗೋಡ ನಮಗೇನೂ ದೂರವಲ್ಲ. ಕೊಪ್ಪಳದಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಬಸ್ಸು, ಆಮೇಲೆ ಟಿಬೆಟನ್ ಕ್ಯಾಂಪಿಗೆ ಆಟೋ. ಗಾಂದೆನ್ ಮಠ ಒಂದನೇ ಲಾಮಾ ಕ್ಯಾಂಪಿನಲ್ಲಿದೆ, ಡ್ರೆಪುಂಗ್ ಎರಡನೆಯದರಲ್ಲಿ.

ಆದರೆ ಸುಮ್ನೆ ಹೊರಡಬೇಡಿ. ಅರ್ಧ ಕೆಲಸ ಮನೆಯಲ್ಲೇ ಆಗಬೇಕು.

ಮೊದಲು ನಿಮಗೆ ಬೇಕಾದ ಗ್ರಂಥ ಪಾಲಿ ಭಾಷೆಯದೋ ಟಿಬೆಟನ್ ಭಾಷೆಯದೋ ನೋಡಿಕೊಳ್ಳಿ. ಭಿಕ್ಷುಗಳು, ಉಪಾಸಕರು ಇವನ್ನು ಕೇಳುತ್ತಿರಲಿ ಅಂತ ಅಶೋಕ ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಏಳು ಪಠ್ಯಗಳ ಹೆಸರು ಕೊಟ್ಟಿದ್ದಾನೆ. ಅವುಗಳಲ್ಲಿ ಒಂದು, ಸುಳ್ಳಿನ ವಿಷಯವಾಗಿ ಬುದ್ಧ ರಾಹುಲನಿಗೆ ಹೇಳಿದ ಉಪದೇಶ. ಪಾಲಿ ಗ್ರಂಥ ಮಜ್ಝಿಮ ನಿಕಾಯದ 61ನೇ ಸುತ್ತವೇ (ಉಪದೇಶವೇ) ಅದು ಅಂತ ವಿದ್ವಾಂಸರು ಗುರುತಿಸುತ್ತಾರೆ. ಇಂಥದ್ದಕ್ಕೆ ಬಸ್ ಚಾರ್ಜ್ ದಂಡ ಮಾಡಬೇಡಿ. ತಿಪಿಟಕ ಡಾಟ್ ಆರ್ಗ್‌ನಲ್ಲಿ ಇಡೀ ಪಾಲಿ ತಿಪಿಟಕ, ಅಂದರೆ ಪಾಲಿ ಬೌದ್ಧ ಗ್ರಂಥಗಳ ಸಂಗ್ರಹ, ಕನ್ನಡ ಲಿಪಿಯಲ್ಲೇ ಪುಕ್ಕಟೆ ಸಿಗುತ್ತದೆ.

ಮಠದ ಲೈಬ್ರರಿ ಬೇಕಾಗುವುದು ಬೌದ್ಧ ತರ್ಕಶಾಸ್ತ್ರದ ಆಚಾರ್ಯ ದಿಙ್ನಾಗನ ಪ್ರಮಾಣಸಮುಚ್ಚಯದಂಥ ಪುಸ್ತಕಕ್ಕೆ. ಅದರ ಸಂಸ್ಕೃತ ಮೂಲ ಪೂರ್ತಿಯಾಗಿ ನಮ್ಮ ಕೈಗೆ ಬಂದಿಲ್ಲ, ಟಿಬೆಟನ್ ಅನುವಾದ ಉಳಿದಿದೆ. ಅಲ್ಲಿ ಬುದ್ಧವಚನದ ಸಂಪುಟಗಳಿಗೆ ಕಾಂಗ್ಯುರ್ ಅಂತಾರೆ, ಭಾರತದ ಆಚಾರ್ಯರು ಬರೆದವಕ್ಕೆ ತೆಂಗ್ಯುರ್. ಎರಡೂ ಸೇರಿ ಮುನ್ನೂರು ಸಂಪುಟ ದಾಟುತ್ತವೆ. ಹೆಸರು ಹೇಳಿ ಹುಡುಕಿಸಿದರೆ ಅವರಿಗೂ ಕಷ್ಟ, ನಿಮಗೂ ಕಷ್ಟ. ತೊಹೊಕು ನಂಬರ್ ಬರೆದುಕೊಂಡು ಹೋಗಿ. ಈ ಸಂಪುಟಗಳ ದೆರ್ಗೆ ಮುದ್ರಣಕ್ಕೆ (ಟಿಬೆಟಿನ ದೆರ್ಗೆ ಊರಿನ ಅಚ್ಚು) ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು 1934ರಲ್ಲಿ ಮಾಡಿದ ಕ್ಯಾಟಲಾಗಿನ ನಂಬರ್ ಅದು. ಪ್ರಮಾಣಸಮುಚ್ಚಯಕ್ಕೆ 4203. ತೆಂಗ್ಯುರಿನ ಪ್ರಮಾಣ (ತರ್ಕ) ವಿಭಾಗ, ಚೆ ಸಂಪುಟ.

ಈ 'ಚೆ' ನಮಗೆ ಬಲು ಸುಲಭ. ಸಂಪುಟಗಳಿಗೆ ಅಂಕಿ ಬದಲು ಅಕ್ಷರ ಇರುತ್ತದೆ: ಕ, ಖ, ಗ, ಙ, ಚ ಅಂತ. ಮೂವತ್ತು ಅಕ್ಷರ ಮುಗಿದ ಮೇಲೆ ಕಿ, ಖಿ, ಗಿ ಶುರು, ಆಮೇಲೆ ಕು ಸಾಲು, ಆಮೇಲೆ ಕೆ ಸಾಲು. ಕಾಗುಣಿತ ಬಂದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಪುಸ್ತಕ ಹೊಲಿದದ್ದಲ್ಲ. ಉದ್ದನೆಯ ಬಿಡಿ ಹಾಳೆಗಳು, ಬಟ್ಟೆಯಲ್ಲಿ ಸುತ್ತಿರುತ್ತವೆ, ಪೇಚಾ ಅಂತಾರೆ. ಕೈ ತೊಳೆದು ಒರೆಸಿಕೊಂಡು ಮುಟ್ಟಿ. ಬೆರಳಿಗೆ ಎಂಜಲು ಹಚ್ಚಬೇಡಿ, ನೆಲದ ಮೇಲೆ ಇಡಬೇಡಿ, ದಾಟಬೇಡಿ. ಉದ್ದದ ಅಂಚು ಹಿಡಿದು ಒಂದೊಂದೇ ಹಾಳೆ ಮಗುಚಿ, ಕ್ರಮ ತಪ್ಪಿದರೆ ಮತ್ತೆ ಜೋಡಿಸೋದು ದೊಡ್ಡ ಕೆಲಸ. ಹಾಳೆಗೆ ಎರಡು ಮುಖ, ಆದರೆ ಸಂಖ್ಯೆ ಒಂದೇ, ಅದೂ ಎಡ ಅಂಚಿನಲ್ಲಿ ಅಕ್ಷರದಲ್ಲಿ ಇರುತ್ತದೆ. ಹಾಗಾಗಿ ಟಿಪ್ಪಣಿ ಮಾಡುವಾಗ ಯಾವ ಮುದ್ರಣ, ಯಾವ ವಿಭಾಗ, ಯಾವ ಸಂಪುಟ, ಎಷ್ಟನೇ ಹಾಳೆ, ಮುಂದಿನ ಮುಖವೋ ಹಿಂದಿನದೋ, ಎಷ್ಟನೇ ಸಾಲು ಎಲ್ಲವನ್ನೂ ಬರೆದುಕೊಳ್ಳಿ, ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಆ ಟಿಪ್ಪಣಿ ಯಾರ ಉಪಯೋಗಕ್ಕೂ ಬರುವುದಿಲ್ಲ.

ಟಿಬೆಟನ್ ಬರದಿದ್ದರೆ ಹಿಂಜರಿಯಬೇಡಿ. ಇದೇ ವಿಷಯವನ್ನು ವರ್ಷಗಟ್ಟಲೆ ಓದಿ ವಾದ ಮಾಡಿದ ಭಿಕ್ಷುಗಳು ಅಲ್ಲೇ ಇರುತ್ತಾರೆ. 'ಗೆನ್‌ಲಾ' (ಗುರುಗಳೇ) ಅಂತ ಗೌರವದಿಂದ ಮಾತಾಡಿಸಿ, ಹಿಂದಿಯಲ್ಲೇ ಕೇಳಿ. ನಿಮ್ಮ ಪ್ರಶ್ನೆ ಒಂದೇ ಒಂದು ಶ್ಲೋಕದ ಮೇಲಿದ್ದರೆ ಒಳ್ಳೆಯದು; 'ಬೌದ್ಧ ಧರ್ಮ ಅಂದ್ರೇನು' ಅಂತ ಕೇಳಿದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು? ಹೋಗುವ ಮುಂಚೆ ಕಾಲೇಜಿನಿಂದ ಪತ್ರ ತಗೊಳ್ಳಿ, ಫೋನ್ ಮಾಡಿ ಸಮಯ ಕೇಳಿ. ಫೆಬ್ರವರಿ-ಮಾರ್ಚಿನಲ್ಲಿ ಟಿಬೆಟನ್ನರ ಹೊಸ ವರ್ಷ ಲೋಸರ್ ಹಬ್ಬ ಬರುತ್ತದೆ, ಆ ದಿನಗಳನ್ನು ಬಿಟ್ಟು ಹೋಗಿ. ಫೋಟೋ ಮಾತ್ರ ಕೇಳಿಯೇ ತೆಗೆಯಿರಿ.