ಸಂತ ಚೆಡ್ ಅವರ ಜೀವನವನ್ನು ಬರೆಯಹೊರಟವರಿಗೆ

ಏಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಧರ್ಮಪ್ರಚಾರ ಮಾಡಿದ ಧರ್ಮಾಧ್ಯಕ್ಷ ಸಂತ ಚೆಡ್ ಅವರ ಕುರಿತು ಬರೆಯುವವರು ಮೊದಲು ಹೆಸರನ್ನು ಖಚಿತಪಡಿಸಿಕೊಳ್ಳಬೇಕು. ಅದನ್ನು ಇಂಗ್ಲಿಷಿನಲ್ಲಿ Cedd ಎಂದು ಬರೆದರೂ ಹಳೆಯ ಇಂಗ್ಲಿಷಿನಲ್ಲಿ ಅದರ ಮೊದಲಕ್ಷರಕ್ಕೆ ಚಕಾರದ ಉಚ್ಚಾರಣೆ ಇದ್ದುದರಿಂದ ‘ಸೆಡ್’ ಎಂದಾಗಲಿ ‘ಕೆಡ್’ ಎಂದಾಗಲಿ ಬರೆಯದಿರುವುದು ಲೇಸು. ಅವರ ಸೋದರ ಸಂತ ಚಾಡ್ ಕೂಡ ಧರ್ಮಾಧ್ಯಕ್ಷರಾಗಿದ್ದರು. ಇಬ್ಬರ ಕಥೆಗಳು ಬೆರೆತುಹೋಗದಂತೆ ಎಚ್ಚರ ವಹಿಸಿ.

ಆಮೇಲೆ ಬೀಡ್ ಎಂಬ ಸನ್ಯಾಸಿ 731ರಲ್ಲಿ ಮುಗಿಸಿದ, ಇಂಗ್ಲಿಷ್ ಜನರ ಧರ್ಮಸಭೆಯ ಚರಿತ್ರೆಯ ಮೂರನೆಯ ಭಾಗವನ್ನು ತೆರೆದು, 21ರಿಂದ 23ರವರೆಗಿನ ಅಧ್ಯಾಯಗಳನ್ನು ನಿಧಾನವಾಗಿ ಓದಿ. ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅಲ್ಲಿಂದಲೇ ಬಂದದ್ದು. ಲಿಂಡಿಸ್‌ಫಾರ್ನ್ ಮಠದಲ್ಲಿ ಸಂತ ಏಡನ್ ಅವರ ಬಳಿ ಕಲಿತದ್ದು, 653ರ ಸುಮಾರಿಗೆ ಪ್ರಚಾರಕ್ಕೆ ಹೊರಟದ್ದು, ಪೂರ್ವ ಸ್ಯಾಕ್ಸನ್ನರ ನಾಡಿನ (ಎಸೆಕ್ಸ್‌ನ) ಧರ್ಮಾಧ್ಯಕ್ಷರಾಗಿ ಲಿಂಡಿಸ್‌ಫಾರ್ನ್‌ನ ಧರ್ಮಾಧ್ಯಕ್ಷ ಫಿನನ್ ಅವರಿಂದ ದೀಕ್ಷೆ ಪಡೆದದ್ದು, ಇಷ್ಟನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿದರೆ ಸಾಕು.

ಓದುತ್ತ ಹೋದಂತೆ ‘ಇದನ್ನು ಬೀಡ್‌ಗೆ ಹೇಳಿದವರು ಯಾರು?’ ಎಂದು ಪ್ರತಿ ಪ್ರಸಂಗಕ್ಕೂ ಕೇಳಿಕೊಳ್ಳಿ. ಚೆಡ್ ಸ್ಥಾಪಿಸಿದ ಲಾಸ್ಟಿಂಗ್‌ಹ್ಯಾಮ್ ಮಠದ ಸನ್ಯಾಸಿಗಳಿಂದ ಕೇಳಿ ತಿಳಿದೆನೆಂದು ಬೀಡ್ ಅವರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಆ ಮಠ ಸ್ಥಾಪನೆಯಾದ ಬಗೆ ಅಷ್ಟು ಕಣ್ಣಿಗೆ ಕಟ್ಟುವಂತಿರುವುದು ಈ ಕಾರಣದಿಂದಲೇ ಎಂದು ನನಗೆ ತೋರುತ್ತದೆ. ರಾಜನು ಕೊಟ್ಟ ಜಾಗವನ್ನು ಶುದ್ಧಿಗೊಳಿಸಲು ಚೆಡ್ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ನಲವತ್ತು ದಿನ, ಭಾನುವಾರಗಳನ್ನು ಬಿಟ್ಟು, ಸಂಜೆಯವರೆಗೆ ಏನನ್ನೂ ಮುಟ್ಟದೆ ಉಪವಾಸವಿದ್ದರು. ಸಂಜೆಯಾದ ಮೇಲೆ ಒಂದಿಷ್ಟು ರೊಟ್ಟಿ, ಒಂದು ಕೋಳಿಮೊಟ್ಟೆ, ನೀರು ಬೆರೆಸಿದ ತುಸು ಹಾಲು, ಇಷ್ಟೇ ಅವರ ಆಹಾರ. ಇನ್ನು ಹತ್ತು ದಿನ ಬಾಕಿಯಿರುವಾಗ ರಾಜನ ಕರೆ ಬಂದುದರಿಂದ, ಉಳಿದ ವ್ರತವನ್ನು ಅವರ ಸೋದರ, ಪಾದ್ರಿ ಕಿನಿಬಿಲ್ ಪೂರೈಸಿದರು. ಈ ಭಾಗವನ್ನು ದಯವಿಟ್ಟು ಸಂಕ್ಷೇಪಿಸಬೇಡಿ. ಅವರ ಸ್ವಭಾವ ಇಷ್ಟು ಹತ್ತಿರದಿಂದ ಕಾಣುವುದು ಇಲ್ಲಿಯೇ.

ಪುಸ್ತಕದಿಂದ ಕಲ್ಲಿನತ್ತಲೂ ಹೊರಳಬೇಕು. ಎಸೆಕ್ಸ್ ಕರಾವಳಿಯ ಬ್ರಾಡ್‌ವೆಲ್‌ನಲ್ಲಿ, ಒಥೋನಾ ಎಂಬ ರೋಮನ್ ಕೋಟೆಯ ಗೋಡೆಯ ಮೇಲೆ, ಅದೇ ಕೋಟೆಯ ಕಲ್ಲು ಇಟ್ಟಿಗೆಗಳಿಂದ ಚೆಡ್ ಕಟ್ಟಿಸಿದರೆನ್ನಲಾದ ಸಂತ ಪೇತ್ರರ ಗುಡಿ ಇಂದಿಗೂ ನಿಂತಿದೆ. ಬಹುಕಾಲ ಕಣಜವಾಗಿದ್ದ ಅದನ್ನು 1920ರಲ್ಲಿ ಮತ್ತೆ ಆರಾಧನೆಗೆ ಪ್ರತಿಷ್ಠಾಪಿಸಲಾಯಿತು. ಅದರ ಚಿತ್ರವನ್ನು ಎದುರಿಗಿಟ್ಟುಕೊಂಡು, ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಕೆಂಪು ರೋಮನ್ ಇಟ್ಟಿಗೆಗಳನ್ನು ಗುರುತಿಸಿದ ಮೇಲೆಯೇ ಅದನ್ನು ವರ್ಣಿಸಿ.

ಕೊನೆಗೆ 664ನೇ ವರ್ಷಕ್ಕೆ ಬನ್ನಿ. ಪಾಸ್ಖ ಹಬ್ಬದ ದಿನವನ್ನು ನಿರ್ಧರಿಸಲು ವಿಟ್‌ಬಿಯಲ್ಲಿ ಸೇರಿದ ಸಭೆಯಲ್ಲಿ ಐರಿಷ್ ಮತ್ತು ರೋಮನ್ ಪಕ್ಷಗಳೆರಡರ ಮಾತನ್ನೂ ಅನುವಾದಿಸಿದವರು ಚೆಡ್. ಸಭೆ ಮುಗಿದಾಗ ತಾವು ಬೆಳೆದುಬಂದ ಐರಿಷ್ ಪದ್ಧತಿಯನ್ನು ಬಿಟ್ಟು ರೋಮಿನ ಪದ್ಧತಿಯನ್ನು ಒಪ್ಪಿಕೊಂಡರು. ಅದೇ ವರ್ಷ ಲಾಸ್ಟಿಂಗ್‌ಹ್ಯಾಮ್‌ನಲ್ಲಿ ಸಾಂಕ್ರಾಮಿಕ ಪಿಡುಗಿಗೆ ಬಲಿಯಾದರು. ಸುದ್ದಿ ತಿಳಿದು ಎಸೆಕ್ಸ್‌ನಿಂದ ಸುಮಾರು ಮೂವತ್ತು ಸನ್ಯಾಸಿಗಳು ಅವರ ಸಮಾಧಿಯ ಬಳಿಯೇ ಬಾಳಲು ಅಥವಾ ಸಾಯಲು ಬಂದರು. ಅವರೆಲ್ಲರೂ ಅದೇ ಪಿಡುಗಿನಿಂದ ತೀರಿಕೊಂಡರು, ಒಬ್ಬ ಚಿಕ್ಕ ಹುಡುಗ ಮಾತ್ರ ಉಳಿದ. ತನಗೆ ದೀಕ್ಷಾಸ್ನಾನವೇ ಆಗಿರಲಿಲ್ಲವೆಂಬುದು ಅವನಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ಅದನ್ನು ಪಡೆದು, ಮುಂದೆ ಅವನೂ ಪಾದ್ರಿಯಾದ.