‘ಬ್ರೇಕ್ ಸರಿಯಿಲ್ಲ’ ಎನ್ನುವ ಮೊದಲು ಪೆಡಲ್ ಒತ್ತಿ ನೋಡಿ

ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ ನಾವು ಹೇಳುವುದು ಒಂದೇ ಮಾತು: ‘ಬ್ರೇಕ್ ಯಾಕೋ ಸರಿಯಿಲ್ಲ, ಸ್ವಲ್ಪ ನೋಡಿ.’ ಡಾಕ್ಟರ ಮುಂದೆ ಕೂತು ‘ಮೈಗೆ ಹುಷಾರಿಲ್ಲ’ ಎಂದಷ್ಟೇ ಹೇಳಿದ ಹಾಗೆ. ಜ್ವರವೋ, ಕೆಮ್ಮೋ, ಹೊಟ್ಟೆನೋವೋ ಹೇಳದಿದ್ದರೆ ಅವರಾದರೂ ಏನು ಮಾಡಬೇಕು? ಮೂರು ವರ್ಷದ ಹಿಂದೆ ನಾನೂ ಹೀಗೆ ಹೇಳಿ ಕೈಕಟ್ಟಿ ನಿಂತೆ. ಹೊಸ ಮಾಸ್ಟರ್ ಸಿಲಿಂಡರ್ ಬಂತು, ಹೊಸ ಪ್ಯಾಡ್ ಬಂತು, ಬಿಲ್ಲೂ ಬಂತು. ದೋಷ ಮಾತ್ರ ಹೋಗಲಿಲ್ಲ. ಅದು ಎಲ್ಲಿ ಅಡಗಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ. ಬ್ರೇಕಿನ ವಿಷಯದಲ್ಲಿ ಅರ್ಧ ಪತ್ತೆದಾರಿಕೆ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ, ಬಲಗಾಲಿನಿಂದಲೇ ಮುಗಿಯುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಬಿಲ್ಲು ಕಟ್ಟಿದ ಮೇಲೆ.

ಇಲ್ಲಿರುವುದು ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಸಾಮಾನ್ಯ ಕಾರಿನ ಮಾತು. ದೊಡ್ಡ ಬಸ್ಸು, ಲಾರಿಗಳದ್ದು ಗಾಳಿಯೊತ್ತಡದ ಬ್ರೇಕ್. ಅದರ ಲೆಕ್ಕವೇ ಬೇರೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನೊಳಗಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ. ದ್ರವ ಕುಗ್ಗುವುದಿಲ್ಲ. ಆದ್ದರಿಂದ ಆ ಒತ್ತಡ ಪೈಪುಗಳ ಮೂಲಕ ಹಾಗೆಯೇ ಹೋಗಿ ಮುಂದಿನ ಚಕ್ರಗಳಲ್ಲಿ ಇಕ್ಕಳದಂತಿರುವ ಕ್ಯಾಲಿಪರ್‌ನ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ, ಹಿಂದಿನ ಚಕ್ರಗಳಲ್ಲಿ ವೀಲ್ ಸಿಲಿಂಡರ್ ಮೂಲಕ ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಗೋಡೆಗೆ ಅಗಲಿಸುತ್ತದೆ. ಗಾಳಿ ಮಾತ್ರ ಕುಗ್ಗುತ್ತದೆ. ಬ್ರೇಕಿನ ಕಾಯಿಲೆಗಳು ಹೆಚ್ಚಾಗಿ ಮೂರೇ: ದ್ರವ ಹೊರಗೆ ಸೋರುವುದು, ಗಾಳಿ ಒಳಗೆ ಸೇರುವುದು, ಚಲಿಸಬೇಕಾದದ್ದು ಹಿಡಿದುಕೊಳ್ಳುವುದು. ಜೊತೆಗೆ ಸವೆತ ಇದ್ದೇ ಇದೆ.

ಮೊದಲು ಬಾನೆಟ್ ತೆರೆಯಿರಿ

ಕಾರು ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಕೋಣೆಯಲ್ಲಿ ಚಾಲಕನ ಬದಿಗೆ, ಗಾಜಿನ ಹತ್ತಿರ, ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದು ಇರುತ್ತದೆ. ಮೇಲೊಂದು, ಕೆಳಗೊಂದು ಗೆರೆ. ಅದರಲ್ಲಿರುವುದನ್ನು ನಾವು ‘ಬ್ರೇಕ್ ಆಯಿಲ್’ ಎನ್ನುತ್ತೇವೆ, ಆದರೆ ಅದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಅವಸರದಲ್ಲಿ ಎಂಜಿನ್ ಆಯಿಲ್ಲನ್ನೋ ಪವರ್ ಸ್ಟಿಯರಿಂಗ್ ಆಯಿಲ್ಲನ್ನೋ ಸುರಿದರೆ ಒಳಗಿನ ರಬ್ಬರ್ ವಾಷರುಗಳೆಲ್ಲ ಉಬ್ಬಿ ಹಾಳಾಗುತ್ತವೆ.

ಮಟ್ಟ ಕೆಳಗಿನ ಗೆರೆಗೆ ಇಳಿದಿದೆ ಎಂದುಕೊಳ್ಳಿ. ತಕ್ಷಣ ಬಾಟಲಿ ಹುಡುಕಬೇಡಿ. ಪ್ಯಾಡ್ ಸವೆದಷ್ಟೂ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ದ್ರವ ಕೆಳಗಿಳಿಯುತ್ತದೆ. ಅಂದರೆ ವರ್ಷಗಟ್ಟಲೆ ನಿಧಾನವಾಗಿ ಇಳಿದರೆ ಪ್ಯಾಡ್ ನೋಡುವ ಕಾಲ ಬಂದಿದೆ. ವಾರದಲ್ಲಿ ಇಳಿದರೆ ಎಲ್ಲೋ ಸೋರುತ್ತಿದೆ. ಸುಮ್ಮನೆ ತುಂಬಿಸಿಬಿಟ್ಟರೆ ಈ ಸೂಚನೆಯೇ ಅಳಿಸಿಹೋಗುತ್ತದೆ.

ಬಣ್ಣವನ್ನೂ ನೋಡಿ. ಹೊಸದು ತಿಳಿ ಜೇನಿನ ಹಾಗಿರುತ್ತದೆ, ಹಳೆಯದು ಕಾಫಿ ಡಿಕಾಕ್ಷನ್ ಹಾಗೆ. ಈ ದ್ರವಕ್ಕೆ ನೀರನ್ನು ಹೀರುವ ಗುಣವಿದೆ. ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವಕ್ಕೇನು ಬರ! ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ಶೇ 3.7ರಷ್ಟು ನೀರು ಸೇರಿದರೆ 140 ಡಿಗ್ರಿಗೇ ಕುದಿಯಬಹುದು. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂದು ಬಹಳ ಕಂಪನಿಗಳು ಹೇಳುವುದು ಇದಕ್ಕೇ. ಕಳೆದ ವರ್ಷ ಮುಚ್ಚಳ ತೆರೆದು ಶೆಲ್ಫಿನಲ್ಲಿಟ್ಟ ಅರ್ಧ ಬಾಟಲಿಯನ್ನು ಉಳಿತಾಯವೆಂದು ಬಳಸಬೇಡಿ.

ನಿಂತಲ್ಲೇ ಮೂರು ಪರೀಕ್ಷೆ

ಎಂಜಿನ್ ಆರಿಸಿ ಸೀಟಿನಲ್ಲಿ ಕೂರಿ. ಪೆಡಲ್ಲನ್ನು ಐದಾರು ಸಲ ಒತ್ತಿ ಬಿಡಿ. ಕಾಲಿನ ಬಲಕ್ಕೆ ಬಲ ಸೇರಿಸುವ ಬೂಸ್ಟರ್‌ನಲ್ಲಿ ಉಳಿದಿದ್ದ ನಿರ್ವಾತ ಖಾಲಿಯಾಗಿ ಪೆಡಲ್ ಗಟ್ಟಿಯಾಗುತ್ತದೆ. ಈಗ ಕಾಲಿನಿಂದ ಒತ್ತಿ ಹಿಡಿದುಕೊಂಡೇ ಎಂಜಿನ್ ಚಾಲೂ ಮಾಡಿ. ಪೆಡಲ್ ಕಾಲಡಿಯಲ್ಲಿ ಸ್ವಲ್ಪ ಕೆಳಗೆ ಜಾರಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಕಲ್ಲಿನ ಹಾಗೆ ಅಲ್ಲಾಡದೆ ನಿಂತರೆ ದೋಷ ಅಲ್ಲಿದೆ. ಬೂಸ್ಟರನ್ನೇ ಬದಲಿಸಲು ಹೊರಡುವ ಮೊದಲು ಎಂಜಿನ್ನಿನಿಂದ ಅದಕ್ಕೆ ಬರುವ ಬೆರಳು ದಪ್ಪದ ಹೋಸನ್ನು ನೋಡಿ. ಅದು ಬಿರುಕು ಬಿಟ್ಟಿದ್ದರೆ ‘ಸುಯ್’ ಎನ್ನುವ ಸದ್ದು ಕೇಳುತ್ತದೆ. ಹೋಸಿನ ಬೆಲೆ ಎಲ್ಲಿ, ಬೂಸ್ಟರಿನ ಬೆಲೆ ಎಲ್ಲಿ!

ಎರಡನೆಯದು, ಎಂಜಿನ್ ಓಡುತ್ತಿರುವಾಗಲೇ ಪೆಡಲ್ಲನ್ನು ಹದವಾಗಿ ಒತ್ತಿ, ಹಾಗೆಯೇ ಅರ್ಧ ನಿಮಿಷ ಹಿಡಿಯಿರಿ. ಅದು ನಿಂತಲ್ಲಿ ನಿಲ್ಲಬೇಕು. ಮೆಲ್ಲಗೆ ನೆಲದತ್ತ ಇಳಿಯತೊಡಗಿದರೆ ಒತ್ತಡ ಎಲ್ಲೋ ಸೋರಿಹೋಗುತ್ತಿದೆ. ನಾಲ್ಕೂ ಚಕ್ರಗಳ ಬಳಿ ಪಸೆಯಿಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ, ಆದರೂ ಪೆಡಲ್ ಇಳಿಯುತ್ತಿದೆ ಎಂದರೆ ಅನುಮಾನ ಮಾಸ್ಟರ್ ಸಿಲಿಂಡರ್ ಮೇಲೆ. ಅದರ ಒಳಗಿನ ವಾಷರ್ ಸವೆದು, ದ್ರವ ಅದರ ಅಂಚಿನಿಂದ ನುಸುಳಿ ವಾಪಸು ಡಬ್ಬಿಗೇ ಹೋಗುತ್ತಿರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಇಂಥ ಕಾರನ್ನು ಓಡಿಸಬೇಡಿ.

ಮೂರನೆಯ ಪರೀಕ್ಷೆಯೇ ನನಗೆ ಹೆಚ್ಚು ಇಷ್ಟ. ಮೊದಲ ಒತ್ತಿಗೆ ಪೆಡಲ್ ಆಳಕ್ಕೆ ಹೋಗಿ, ಬೇಗ ಬೇಗ ಎರಡು ಮೂರು ಸಲ ಒತ್ತಿದಾಗ ಮೇಲೆ ಬರುತ್ತದೆಯೇ? ಬಂದ ಮೇಲೆ ಕಾಲಿಗೆ ಹೇಗನ್ನಿಸುತ್ತದೆ ಎಂಬುದು ಮುಖ್ಯ. ಸ್ಪಂಜಿನ ಮೇಲೆ ಕಾಲಿಟ್ಟಂತೆ ಮೆತ್ತಗೆ ಪುಟಿದರೆ ಪೈಪಿನಲ್ಲಿ ಗಾಳಿ ಸೇರಿದೆ. ಗಟ್ಟಿಯಾಗಿ ನಿಂತರೆ ಗಾಳಿಯಲ್ಲ. ಹಿಂದಿನ ಡ್ರಮ್ಮಿಗೂ ಶೂವಿಗೂ ನಡುವೆ ಅಂತರ ಹೆಚ್ಚಾಗಿದೆ. ಗಾಳಿಯಾದರೆ ಬ್ಲೀಡಿಂಗ್ (ಅದನ್ನು ಹೊರತೆಗೆಯುವುದು), ಅಂತರವಾದರೆ ಶೂ ಅಡ್ಜಸ್ಟ್. ಈ ವ್ಯತ್ಯಾಸ ತಿಳಿಯದೆ ಗಾಳಿಯೇ ಇಲ್ಲದ ಕಾರಿಗೆ ಮೂರು ಸಲ ಬ್ಲೀಡಿಂಗ್ ಮಾಡಿಸಿದವರನ್ನು ನಾನು ಬಲ್ಲೆ.

ಚಕ್ರಗಳ ಒಳಬದಿ

ಟಾರ್ಚ್ ಹಿಡಿದು ಪ್ರತಿ ಚಕ್ರದ ಒಳಬದಿ ನೋಡಿ. ಟೈರಿನ ಒಳಗೋಡೆ ಒದ್ದೆಯಾಗಿದ್ದರೆ, ಡ್ರಮ್ಮಿನ ಕೆಳಗೆ ಜಿಡ್ಡಿನ ಗೆರೆ ಇಳಿದಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಆ ದ್ರವ ಕುಡಿದ ಬ್ರೇಕ್ ಶೂವನ್ನು ಉಜ್ಜಿ ಒಣಗಿಸಿ ಮತ್ತೆ ಹಾಕುವ ಅಭ್ಯಾಸ ಕೆಲವರಲ್ಲಿದೆ. ಬೇಡ, ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಪ್ಯಾಡಿನ ಉಜ್ಜುವ ಭಾಗ 3 ಮಿಲಿಮೀಟರಿಗಿಂತ ತೆಳ್ಳಗಾಗಿದ್ದರೆ ಅದರ ಕಾಲ ಮುಗಿಯಿತು. ಡ್ರಮ್ಮಿನ ಕಪ್ಪು ಧೂಳನ್ನು ಬಾಯಿಯಿಂದ ಊದಬೇಡಿ, ಏರ್ ಪೈಪಿನಿಂದ ಹಾರಿಸಲೂ ಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ.

ಖಾಲಿ ರಸ್ತೆಯಲ್ಲಿ

ಪೆಡಲ್ ಗಟ್ಟಿಯಾಗಿದೆ, ಸೋರಿಕೆ ಇಲ್ಲ ಎಂದು ಖಾತ್ರಿಯಾದ ಮೇಲೆಯೇ ಇದು. ನಿಧಾನ ವೇಗದಲ್ಲಿ ಬ್ರೇಕ್ ಒತ್ತಿ ಸ್ಟಿಯರಿಂಗ್ ಸಡಿಲ ಹಿಡಿಯಿರಿ. ಕಾರು ಎಡಕ್ಕೆ ಎಳೆಯಿತೇ? ಎಲ್ಲರೂ ಎಡ ಚಕ್ರವನ್ನು ಬಿಚ್ಚುತ್ತಾರೆ. ಆದರೆ ಎಡಕ್ಕೆ ಎಳೆಯುತ್ತಿದೆ ಎಂದರೆ ಎಡ ಚಕ್ರದ ಬ್ರೇಕ್ ಹಿಡಿಯುತ್ತಿದೆ ಎಂದರ್ಥ, ಸೋಮಾರಿ ಬಲಗಡೆಯದಿರಬಹುದು. ಅಲ್ಲಿನ ಕ್ಯಾಲಿಪರ್ ಜಾಮ್ ಆಗಿದೆಯೇ, ಪ್ಯಾಡಿಗೆ ಜಿಡ್ಡು ಹತ್ತಿದೆಯೇ ಎಂದು ಮೊದಲು ನೋಡಿ. ಬ್ರೇಕ್ ಒತ್ತದೆ ಇದ್ದಾಗಲೂ ಎಡಕ್ಕೇ ಎಳೆದರೆ ಆಗ ಎಡ ಚಕ್ರವನ್ನು ಅನುಮಾನಿಸಬಹುದು. ಟೈರಿನ ಗಾಳಿ, ಅಲೈನ್‌ಮೆಂಟ್ ನೋಡಿಕೊಂಡ ಮೇಲೆ.

ಒತ್ತಿದಾಗ ಸ್ಟಿಯರಿಂಗ್ ನಡುಗಿದರೆ ಮುಂದಿನ ಡಿಸ್ಕಿನ ದಪ್ಪ ಒಂದೇ ಸಮ ಉಳಿದಿಲ್ಲ. ಸ್ಟಿಯರಿಂಗ್ ಸುಮ್ಮನಿದ್ದು ಸೀಟು, ಪೆಡಲ್ ಮಾತ್ರ ಅದುರಿದರೆ ಹಿಂದಿನ ಡ್ರಮ್ ನೋಡಿಸಿ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದಾಗ ಪೆಡಲ್ ಟರ್ರನೆ ಬಡಿದುಕೊಂಡರೆ ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವ ಲಕ್ಷಣ, ಕಾಯಿಲೆಯಲ್ಲ. ಮಳೆಯ ರಾತ್ರಿ ಕಳೆದು ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದರೂ ಹೆದರಬೇಡಿ, ಡಿಸ್ಕ್ ಮೇಲಿನ ತೆಳು ತುಕ್ಕು ಕಳಚುತ್ತಿದೆ ಅಷ್ಟೆ. ಕೀರಲು ಸದ್ದು ದಿನವಿಡೀ ಇದ್ದರೆ ಮಾತ್ರ ಪ್ಯಾಡ್ ತೀರಿತೆಂದು ಅದರ ಉಕ್ಕಿನ ಪಟ್ಟಿ ಕೂಗುತ್ತಿರಬಹುದು.

ಘಾಟಿಯಲ್ಲಿ ಕೈಕೊಟ್ಟು ಗ್ಯಾರೇಜಿನಲ್ಲಿ ಸರಿಯಾಗುವ ಬ್ರೇಕ್

ಇದೊಂದು ವಿಚಿತ್ರ ದೂರು. ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ಹೋಯಿತು, ಮರುದಿನ ಮೆಕ್ಯಾನಿಕ್ ಒತ್ತಿ ನೋಡಿದರೆ ‘ಎಲ್ಲ ಸರಿಯಿದೆಯಲ್ಲ ಸರ್’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನೀರು ಸೇರಿದ ಹಳೆಯ ದ್ರವ ಬಿಸಿಗೆ ಕುದಿದು ಆವಿಯಾಯಿತು. ಆವಿ ಗಾಳಿಯ ಹಾಗೆ ಕುಗ್ಗುತ್ತದೆ. ತಣಿದಾಗ ಮತ್ತೆ ದ್ರವವಾಯಿತು, ಸಾಕ್ಷ್ಯ ನಾಶ! ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಅದು ಪ್ಯಾಡ್ ಕಾದು ಹಿಡಿತ ಕಳೆದುಕೊಂಡದ್ದು. ಮೊದಲನೆಯದಕ್ಕೆ ಮದ್ದು ಹೊಸ ದ್ರವ, ಎರಡಕ್ಕೂ ಎರಡನೇ ಗೇರಿನಲ್ಲಿ ಇಳಿಯುವುದು.

ನನ್ನ ಕಾರಿನ ಗುಟ್ಟು ರಟ್ಟಾದದ್ದೂ ಘಾಟಿಯಲ್ಲೇ. ಆಗುಂಬೆಯ ತಿರುವುಗಳನ್ನೆಲ್ಲ ಇಳಿದು ಸೋಮೇಶ್ವರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಸುಟ್ಟ ವಾಸನೆ. ಬಾಟಲಿಯ ನೀರಿನಲ್ಲಿ ಬೆರಳದ್ದಿ ಮುಂದಿನ ಎರಡೂ ಚಕ್ರಗಳ ಡಿಸ್ಕುಗಳಿಗೆ ಒಂದೊಂದು ಹನಿ ಚಿಮುಕಿಸಿದೆ. ಬಲಗಡೆ ಹನಿ ಮೆಲ್ಲಗೆ ಆರಿತು. ಎಡಗಡೆ ‘ಚುರ್’ ಎಂದು ಮಾಯವಾಯಿತು. (ಹನಿ ಮಾತ್ರ, ಕಾದ ಡಿಸ್ಕಿಗೆ ನೀರು ಸುರಿದರೆ ಅದು ಸೊಟ್ಟಗಾಗಬಹುದು. ಕೈಯಿಂದಂತೂ ಮುಟ್ಟಬೇಡಿ.) ಇಳಿಜಾರಿನ ನಂತರ ಎರಡೂ ಬಿಸಿಯಾಗುವುದು ಸಹಜ, ಒಂದೇ ಕೆಂಡವಾಗುವುದು ಸಹಜವಲ್ಲ.

ಊರಿಗೆ ಬಂದು, ಸ್ವಲ್ಪ ದೂರ ಓಡಿಸಿ ಬ್ರೇಕ್ ಹಿಡಿದುಕೊಂಡಿರುವಾಗಲೇ ಎಡ ಮುಂದಿನ ಚಕ್ರವನ್ನು ಜ್ಯಾಕಿನಿಂದ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು ತಿರುಗಿಸಿದರೆ ಅಲ್ಲಾಡಲೇ ಇಲ್ಲ. ಕ್ಯಾಲಿಪರ್ ಹಿಂದಿನ ಬ್ಲೀಡಿಂಗ್ ನಿಪ್ಪಲನ್ನು (ದ್ರವ ಹೊರಬಿಡುವ ಸಣ್ಣ ತಿರುಪು) ಕಾಲು ಸುತ್ತು ಸಡಿಲಿಸಿದೆ. ದ್ರವ ಪಿಚಕ್ಕನೆ ಚಿಮ್ಮಿತು, ಚಕ್ರ ಸಲೀಸಾಗಿ ತಿರುಗಿತು. ಅಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಮಾಸ್ಟರ್ ಸಿಲಿಂಡರಿನ ತಪ್ಪಾಗಿದ್ದರೆ ಒಂದೇ ಚಕ್ರ ಹಿಡಿದುಕೊಳ್ಳುತ್ತಿರಲಿಲ್ಲ. ಕಳ್ಳ ಆ ಚಕ್ರದ ರಬ್ಬರ್ ಹೋಸ್. ಹೊರಗೆ ಹೊಸದರಂತಿದ್ದು ಒಳಗೋಡೆ ಉಬ್ಬಿ, ಹೋಗುವ ದ್ರವವನ್ನು ಬಿಟ್ಟು ವಾಪಸು ಬರುವುದನ್ನು ತಡೆಯುತ್ತಿತ್ತು. ನಿಪ್ಪಲ್ ಸಡಿಲಿಸಿದರೂ ಚಕ್ರ ತಿರುಗದಿದ್ದರೆ ಕ್ಯಾಲಿಪರ್ ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್ನುಗಳು ಒಣಗಿವೆ. ಪಿನ್ನಿಗೆ ಬ್ರೇಕಿಗೆಂದೇ ಇರುವ ಗ್ರೀಸ್ ಬೇಕು, ಸಾಮಾನ್ಯ ಗ್ರೀಸ್ ಆಗದು.

ಗಾಳಿ ತೆಗೆಯುವುದು: ಇಬ್ಬರ ಕೆಲಸ

ಹೋಸ್ ಬದಲಿಸಿದ ಮೇಲೆ ಒಳಗೆ ಸೇರಿದ ಗಾಳಿ ತೆಗೆಯಬೇಕು. ನಿಪ್ಪಲ್ಲಿಗೆ ಹೊಂದುವ ರಿಂಗ್ ಸ್ಪ್ಯಾನರ್, ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಸ್ವಲ್ಪ ಹೊಸ ದ್ರವ ಹಾಕಿದ ಬಾಟಲಿ, ಜೊತೆಗೆ ಮಾತು ಕೇಳುವ ಒಬ್ಬ ಸಹಾಯಕ. ನಮ್ಮಲ್ಲಿ ಆ ಸ್ಥಾನ ಮಗಳದು.

‘ಒತ್ತು.’

‘ಒತ್ತಿದ್ದೇನೆ ಅಪ್ಪಾ.’

‘ಬಿಡಬೇಡ, ಹಿಡಿದುಕೋ.’ ನಿಪ್ಪಲ್ ಸಡಿಲಿಸುತ್ತೇನೆ. ಕೊಳವೆಯಲ್ಲಿ ಗುಳ್ಳೆಗಳ ಸಾಲು ಓಡುತ್ತದೆ. ಬಿಗಿ ಮಾಡುತ್ತೇನೆ. ‘ಈಗ ಬಿಡು.’

ಬಿಗಿ ಮಾಡಿದ ನಂತರವೇ ‘ಬಿಡು’. ಇದು ಹಿಂದುಮುಂದಾದರೆ ಹೊರಹಾಕಿದ ಗಾಳಿಯೇ ವಾಪಸು ಒಳಗೆ. ಗುಳ್ಳೆ ನಿಲ್ಲುವವರೆಗೆ ಹೀಗೆಯೇ ಮುಂದುವರಿಸಿ, ನಡುನಡುವೆ ಡಬ್ಬಿ ತುಂಬಿಸುತ್ತಿರಿ. ಅದು ಬರಿದಾದರೆ ಮೊದಲಿನಿಂದ ಶುರು. ಹಳೆಯ ಕಾರಾದರೆ ಪೆಡಲ್ ಕೆಳಗೊಂದು ಮರದ ತುಂಡು ಇಡಿ. ಪೆಡಲ್ ಎಂದೂ ತಲುಪದ ಆಳದಲ್ಲಿ ಸಿಲಿಂಡರ್ ಗೋಡೆಗೆ ತುಕ್ಕು ಕಟ್ಟಿರುತ್ತದೆ, ವಾಷರ್ ಅಲ್ಲಿಗೆ ಹೋದರೆ ಹರಿಯುತ್ತದೆ. ನಾಲ್ಕೂ ಚಕ್ರಗಳನ್ನು ಮಾಡುವುದಿದ್ದರೆ ಯಾವುದು ಮೊದಲು ಎಂಬುದಕ್ಕೆ ಕಾರಿನ ಮ್ಯಾನುಯಲ್ ನೋಡಿ. ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಆರಂಭ. ಎಬಿಎಸ್ ಘಟಕದೊಳಗೇ ಗಾಳಿ ಸೇರಿದ್ದರೆ, ಅಥವಾ ಅದರ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ದ್ರವ ಕಾರಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತುಬರುತ್ತದೆ.

ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತೀರಿ. ಆದ್ದರಿಂದ ಗೇರ್ ಹಾಕುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಒತ್ತಲೇಬೇಕು. ಒಮ್ಮೆ ಇದನ್ನು ಮರೆತು ಅಂಗಳದಲ್ಲಿ ರಿವರ್ಸ್ ತೆಗೆದೆ. ಪೆಡಲ್ ಸೀದಾ ನೆಲಕ್ಕೆ ಹೋಯಿತು. ಹ್ಯಾಂಡ್ ಬ್ರೇಕಿಗೆ ಕೇಬಲ್ ಬೇರೆಯದೇ ಇರುವುದರಿಂದ ನಮ್ಮ ತುಳಸಿಕಟ್ಟೆ ಉಳಿಯಿತು.