ಆರ್ನೆಟ್ ಕೋಲ್ಮನ್ ಕೇಳುವಾಗ ಹಾರ್ಮೋನಿಯಂ ಮುಚ್ಚಿಡಿ

ರಾಯಚೂರಿನಲ್ಲಿ ಹಾರ್ಮೋನಿಯಂ ಕಲಿಸುವ ನನ್ನ ಬಳಿ ಯಾರಾದರೂ ಜಾಝ್ ಕೇಳುವ ಆಸೆ ಹೇಳಿಕೊಂಡರೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ 1959ರ ‘ದಿ ಶೇಪ್ ಆಫ್ ಜಾಝ್ ಟು ಕಮ್’ ಆಲ್ಬಮ್ಮನ್ನೇ ಕೊಡುತ್ತೇನೆ. ಅದಕ್ಕೆ ಕಷ್ಟದ ಸಂಗೀತವೆಂಬ ಹೆಸರಿದೆ. ಆದರೆ ನಮ್ಮ ಸಿದ್ಧರಾಮ ಜಂಬಲದಿನ್ನಿ ಅವರ ವಚನ ಗಾಯನ ಕೇಳಿ ಬೆಳೆದ ಕಿವಿಗೆ ಇದು ಬೇಗ ಒಲಿಯುತ್ತದೆ.

ಆಗಿನ ಜಾಝ್‌ನಲ್ಲಿ ಸಾಮಾನ್ಯವಾಗಿ ಪಿಯಾನೊ ಸ್ವರಗುಚ್ಛಗಳ (ಒಟ್ಟಿಗೆ ನುಡಿಯುವ ಹಲವು ಸ್ವರಗಳ) ದಾರಿ ಹಾಕುತ್ತಿತ್ತು, ವಾದಕರು ಅದರಲ್ಲೇ ನಡೆಯಬೇಕಿತ್ತು. ಕೋಲ್ಮನ್ ಪಿಯಾನೊವನ್ನೇ ಕೈಬಿಟ್ಟರು. ಅವರ ಸ್ಯಾಕ್ಸೊಫೋನ್, ಡಾನ್ ಚೆರಿ ಅವರ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ, ಚಾರ್ಲಿ ಹೇಡನ್ ಅವರ ಡಬಲ್ ಬಾಸ್ ಎಂಬ ಮಂದ್ರ ದನಿಯ ದೊಡ್ಡ ತಂತಿವಾದ್ಯ, ಬಿಲ್ಲಿ ಹಿಗ್ಗಿನ್ಸ್ ಅವರ ಡ್ರಮ್, ಇಷ್ಟೇ. ಇಲ್ಲಿ ರಾಗದಲ್ಲಿರುವಂತೆ ಸ್ವರದ ಎಳೆಯೇ ಮುಂದಾಳು. ತಂಬೂರಿಯ ಸ್ಥಿರ ಷಡ್ಜವನ್ನು ಮಾತ್ರ ಹುಡುಕಬೇಡಿ. ಬಾಸ್ ಕೂಡ ವಾದಕರ ಜೊತೆಗೇ ಸಾಗುತ್ತದೆ.

ಮೊಬೈಲ್ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಆದ್ದರಿಂದ ಹೆಡ್‌ಫೋನ್ ಬೇಕು. ನಮ್ಮೂರಿನ ಬೇಸಿಗೆಯಲ್ಲಿ ಕೂಲರ್ ಸದ್ದೂ ಅಡ್ಡ ಬರುತ್ತದೆ. ಬೆಳಗಿನ ಜಾವ ಒಳ್ಳೆಯದು.

ಮೊದಲ ಹಾಡು ‘ಲೋನ್ಲಿ ವುಮನ್’ ಐದು ನಿಮಿಷದ್ದು. ಅದೊಂದನ್ನೇ ಮತ್ತೆ ಮತ್ತೆ ಕೇಳಿ. ಒಮ್ಮೆ ಡ್ರಮ್ಮಿನ ಜೊತೆಗಿರುವ ಲೋಹದ ತಟ್ಟೆ ಸಿಂಬಲ್ ಮೇಲೆ ಓಡುವ ದ್ರುತ ಲಯಕ್ಕೆ ಮಾತ್ರ ಕಿವಿಗೊಡಿ. ಇನ್ನೊಮ್ಮೆ ಬಾಸ್ ಹಿಡಿಯಿರಿ. ಆಮೇಲೆ ಸ್ಯಾಕ್ಸೊಫೋನ್, ಕಾರ್ನೆಟ್ ಎರಡೂ ಸೇರಿ ಹಾಡುವ ವಿಲಂಬಿತ ಎಳೆಗೆ ಬನ್ನಿ. ಕೆಳಗೆ ಅಷ್ಟು ಅವಸರ, ಮೇಲೆ ಇಷ್ಟು ನಿಧಾನ! ದುಃಖ ಹುಟ್ಟುವುದು ಈ ಅಂತರದಲ್ಲೇ. ಎರಡೂ ವಾದ್ಯಗಳು ಒಂದೇ ಸಾಲನ್ನು ಕೂದಲೆಳೆಯಷ್ಟು ಹಿಂದುಮುಂದಾಗಿ ನುಡಿಸುತ್ತವೆ. ಬೇಸುರವೆಂದು ಹಾರ್ಮೋನಿಯಂನಲ್ಲಿ ಪರೀಕ್ಷಿಸಲು ಕೂರಬೇಡಿ. ಕೋಲ್ಮನ್ ಅವರ ಕೂಗು ಅದರ ಎರಡು ಪಟ್ಟಿಗಳ ನಡುವೆ ಇರುತ್ತದೆ, ಮೀಂಡಿನಲ್ಲಿ ಜಾರುವ ಗಾಯಕರ ದನಿಯಂತೆ. ಲೋಹದ ವಾದ್ಯಕ್ಕೆ ಹಣ ಸಾಲದೆ 1954ರಲ್ಲಿ ಪ್ಲಾಸ್ಟಿಕ್ ಸ್ಯಾಕ್ಸೊಫೋನ್ ಹಿಡಿದವರು ಅವರು. ಬರಬರುತ್ತ ಅದರ ನಾದವನ್ನೇ ಮೆಚ್ಚಿಕೊಂಡರು.

ಇಷ್ಟಾದ ಮೇಲೆ ಆಲ್ಬಮ್ಮಿನ ಕ್ರಮ ಬಿಟ್ಟು ‘ಕಂಜೀನಿಯಾಲಿಟಿ’ಗೆ ಹೋಗಿ. ಚುರುಕಾದ ಒಂದು ತುಣುಕು, ತಕ್ಷಣ ಲಯ ಸಡಿಲಿಸಿದ ಇನ್ನೊಂದು. ಆ ತಿರುವುಗಳು ನನಗೆ ಬಲು ಪ್ರಿಯ. ನಂತರ ಒಂಬತ್ತು ನಿಮಿಷದ ‘ಪೀಸ್’. ಎರಡನೆಯದಾಗಿ ಬರುವ ‘ಇವೆಂಚುಯಲಿ’ಯನ್ನು ಕೊನೆಗಿಡಿ. ಅದರ ವೇಗದಲ್ಲೂ ಸ್ಯಾಕ್ಸೊಫೋನ್ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಗುರುತಿಸಲಾದರೆ, ಇಡೀ ಆಲ್ಬಮ್ಮನ್ನು ಮೊದಲಿನಿಂದ ಒಂದೇ ಸಮನೆ ಕೇಳಬಹುದು.